ಹರಿಯಲೆಂದೇ ಹಾಕಿದ ಹೊಲಿಗೆ: ಟೆಕ್ಸ್‌ಟೈಲ್ ಓದಿ ಕಾರಿನ ಕೆಲಸಕ್ಕೆ ಬರುವವರಿಗೆ

ಸೈಡ್ ಏರ್‌ಬ್ಯಾಗ್ ಇರುವ ಎಷ್ಟೋ ಸೀಟುಗಳ ಹೊರಬದಿಯಲ್ಲಿ ಒಂದು ಹೊಲಿಗೆ ಇರುತ್ತದೆ. ಅದು ಹರಿಯಲೆಂದೇ ಹಾಕಿದ್ದು. ಒಳಗೆ ಮಡಚಿಟ್ಟ ಬ್ಯಾಗ್ ಕೆಲವೇ ಮಿಲಿಸೆಕೆಂಡಿನಲ್ಲಿ ಅದನ್ನು ಸೀಳಿಕೊಂಡು ಹೊರಬರಬೇಕು. ಹೊಲಿಗೆ ಗಟ್ಟಿಯಾದರೆ ಬ್ಯಾಗ್ ತಡವಾಗುತ್ತದೆ, ಇಲ್ಲವೇ ದಿಕ್ಕು ತಪ್ಪುತ್ತದೆ. ಸಡಿಲವಾದರೆ ದಿನಾ ಹತ್ತಿ ಇಳಿಯುವುದರಲ್ಲೇ ಬಿಚ್ಚಿಕೊಳ್ಳುತ್ತದೆ.

ಹರಿಯದಂತೆ ಹೊಲಿಯುವುದನ್ನಷ್ಟೇ ಕಾಲೇಜಿನಲ್ಲಿ ಕಲಿತಿದ್ದ ನನ್ನ ಕೈಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಬಂದದ್ದು ಈ ಹೊಲಿಗೆ. ಸುತ್ತ ಕೂತವರೆಲ್ಲ ಮೆಕ್ಯಾನಿಕಲ್ ಓದಿದವರು. ದಾರದ ಟೆಕ್ಸ್ (ಸಾವಿರ ಮೀಟರ್ ದಾರದ ಗ್ರಾಂ ತೂಕ) ಎಷ್ಟು, ಇಂಚಿಗೆ ಎಷ್ಟು ಸ್ಟಿಚ್, ಸೂಜಿ ಬಟ್ಟೆಯ ಎಳೆಯನ್ನೇ ಕತ್ತರಿಸುತ್ತಿದೆಯೇ ಎಂದು ಕೇಳಿದವಳು ನಾನೊಬ್ಬಳೇ. ಅಂದಿನಿಂದ ಕಿರಿಯರಿಗೆ ಇದನ್ನೇ ಹೇಳುತ್ತಿದ್ದೇನೆ: ಟೆಕ್ಸ್‌ಟೈಲ್ ಡಿಗ್ರಿಯನ್ನು ಮರೆಮಾಡಿಕೊಂಡು ಬರಬೇಡಿ, ಅದನ್ನೇ ಮುಂದಿಟ್ಟುಕೊಂಡು ಬನ್ನಿ.

ಮೊದಲು ಕಾರಿನಲ್ಲಿ ಬಟ್ಟೆ ಎಲ್ಲೆಲ್ಲಿದೆ ಎಂದು ನೋಡಿ. ಸೀಟು, ಕಾರ್ಪೆಟ್, ತಲೆಯ ಮೇಲಿನ ರೂಫ್ ಲೈನರ್ ಕಣ್ಣಿಗೆ ಬೀಳುತ್ತವೆ. ಟೈರಿನ ರಬ್ಬರಿನೊಳಗಿನ ಕಾರ್ಡ್ ಎಂಬ ಗಟ್ಟಿ ನೂಲಿನ ಹುರಿ, ಹೋಸ್ ಪೈಪಿನೊಳಗಿನ ನೂಲು, ಕ್ಯಾಬಿನ್ ಫಿಲ್ಟರಿನ ನಾನ್‌ವೋವನ್ (ನೇಯದೆ ಮಾಡಿದ ಬಟ್ಟೆ) ಬೀಳುವುದಿಲ್ಲ. ಎಲ್ಲಕ್ಕೂ ಕೈ ಹಾಕಬೇಡಿ, ಒಂದನ್ನು ಹಿಡಿದು ಆಳಕ್ಕೆ ಇಳಿಯಿರಿ.

ಇಳಿಯುವುದೆಂದರೆ ಹೀಗೆ. ಸೀಟ್ ಬೆಲ್ಟ್ ಪಾಲಿಯೆಸ್ಟರಿನದು, ಏರ್‌ಬ್ಯಾಗ್ ಹೆಚ್ಚಾಗಿ ನೈಲಾನ್ 66ರದು. ಅದಲುಬದಲು ಮಾಡಿದರೆ ಏನಾಗುತ್ತದೆ? ಎರಡೂ ಕರಗುವುದು 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ. ಆದರೆ ಅಲ್ಲಿಗೆ ಮುಟ್ಟಿ ಕರಗಲು ನೈಲಾನ್ 66 ಹೆಚ್ಚು ಶಾಖ ಹೀರಬೇಕು, ಹಾಗಾಗಿ ಬ್ಯಾಗನ್ನು ಉಬ್ಬಿಸುವ ಬಿಸಿ ಅನಿಲಕ್ಕೆ ಅದು ಚೆನ್ನಾಗಿ ತಡೆಯುತ್ತದೆ. ಜೊತೆಗೆ ತುಸು ಹಿಗ್ಗಿ ಹೊಡೆತವನ್ನು ಹಂಚಿಕೊಳ್ಳುತ್ತದೆ. ಬೆಲ್ಟಿಗೆ ಅಷ್ಟು ಹಿಗ್ಗುವ ಗುಣ ಬೇಡ, ಕಿಟಕಿಯ ಬಿಸಿಲನ್ನು ವರ್ಷಗಟ್ಟಲೆ ತಡೆಯುವ ಗುಣ ಬೇಕು. ವಿಶ್ವಸಂಸ್ಥೆಯ ಆರ್16 ನಿಯಮದಂತೆ ಆ ಪಟ್ಟಿ ಕನಿಷ್ಠ 14.7 ಕಿಲೋನ್ಯೂಟನ್ ಎಳೆತಕ್ಕೆ ತುಂಡಾಗದೆ ನಿಲ್ಲಬೇಕು. ಇಷ್ಟನ್ನು ಪುಸ್ತಕ ನೋಡದೆ ವಿವರಿಸಬಲ್ಲವರು ಸಂದರ್ಶನಕ್ಕೆ ಬಂದಾಗ ನನಗೆ ಆಗುವ ಸಂತೋಷವೇ ಬೇರೆ.

ಬಿಡಿಭಾಗಗಳ ಎಂಜಿನಿಯರಿಂಗ್ ಡ್ರಾಯಿಂಗ್ ಓದಲು ಕಲಿಯಿರಿ, ಅದು ಕೆಲವು ವಾರಗಳ ಅಭ್ಯಾಸ. ವಾಹನ ಉದ್ಯಮದ ಐಎಟಿಎಫ್ 16949 ಎಂಬ ಗುಣಮಟ್ಟದ ಪದ್ಧತಿ, ಎಫ್‌ಎಂಇಎ (ಎಲ್ಲಿ ಏನು ಕೆಡಬಹುದು, ಕೆಟ್ಟರೆ ಏನಾಗುತ್ತದೆ ಎಂಬ ಪಟ್ಟಿ), ಕಂಟ್ರೋಲ್ ಪ್ಲ್ಯಾನ್ (ತಯಾರಿಕೆಯ ಯಾವ ಹಂತದಲ್ಲಿ ಏನನ್ನು ಹೇಗೆ ತಪಾಸಿಸಬೇಕು ಎಂಬ ಯೋಜನೆ), ಪಿಪಿಎಪಿ (ತಯಾರಿಕೆ ಶುರುಮಾಡುವ ಮೊದಲು ಗ್ರಾಹಕರ ಒಪ್ಪಿಗೆಗೆ ಕೊಡುವ ದಾಖಲೆಗಳು) ಇವು ಮಾತ್ರ ನಿತ್ಯದ ಅನ್ನ. ಮಗ್ಗದಲ್ಲಿ ಒಂದು ಎಳೆ ತಪ್ಪಿದರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ, ಅದನ್ನೇ ಎಫ್‌ಎಂಇಎ ಹಾಳೆಯಲ್ಲಿ ಸಾಲುಸಾಲಾಗಿ ಬರೆಯುತ್ತೀರಿ.

ಲ್ಯಾಬಿನಲ್ಲಿ ನಾನು ಮಾಡಿದ ತಪ್ಪೊಂದನ್ನು ನೀವು ಮಾಡಬೇಡಿ. ಕಾರಿನೊಳಗಿನ ಬಟ್ಟೆಗೆ ಬೆಂಕಿಯ ಪರೀಕ್ಷೆ ಇದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮದಂತೆ 102 ಮಿಲಿಮೀಟರ್ ಅಗಲ, 356 ಮಿಲಿಮೀಟರ್ ಉದ್ದದ ತುಂಡನ್ನು ಅಡ್ಡವಾಗಿ ಹಿಡಿದು ತುದಿಗೆ 15 ಸೆಕೆಂಡ್ ಜ್ವಾಲೆ ಕೊಡುತ್ತಾರೆ. ಉರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಸಾಗಬಾರದು. ನಾನು ಮೇಲಿನ ಬಟ್ಟೆಯನ್ನಷ್ಟೇ, ಅದೂ ಹಾಸಿನ (ಉದ್ದದ ಎಳೆಗಳ) ದಿಕ್ಕಿನಲ್ಲಿ ಮಾತ್ರ ಸುಟ್ಟು 'ಪಾಸ್' ಎಂದು ಬರೆದೆ. ಆದರೆ ಸೀಟಿಗೆ ಹೋಗುವುದು ಬರೀ ಬಟ್ಟೆಯಲ್ಲ. ಅದರ ಬೆನ್ನಿಗೆ ಫೋಮ್, ಫೋಮಿನ ಬೆನ್ನಿಗೆ ತೆಳು ಹೆಣಿಗೆ, ಮೂರೂ ಅಂಟಿಕೊಂಡ ಪದರ. ಗ್ರಾಹಕರ ಲ್ಯಾಬಿನಲ್ಲಿ ಆ ಪದರವೇ ಹೊಕ್ಕಿನ (ಅಡ್ಡ ಎಳೆಗಳ) ದಿಕ್ಕಿನಲ್ಲಿ ಮಿತಿ ಮೀರಿ ಉರಿಯಿತು. ಲಾಟ್ ಪೂರ್ತಿ ಹೋಲ್ಡ್ ಆಯಿತು. ಸೀಟಿನಲ್ಲಿ ಹೇಗೆ ಕೂರುತ್ತದೋ ಹಾಗೆಯೇ, ಹಾಸು ಹೊಕ್ಕು ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ. ನನ್ನ ಸಹಿ ಇದ್ದ ಆ ವರದಿಯನ್ನು ಇವತ್ತಿಗೂ ತೆಗೆದಿಟ್ಟುಕೊಂಡಿದ್ದೇನೆ. ಸೀಟಿನಲ್ಲಿ ಕೂರುವುದು ಯಾರದೋ ಮಗು.

ಇನ್ನೂ ಓದುತ್ತಿದ್ದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಹೊಲಿಗೆಯನ್ನೇ ಆರಿಸಿಕೊಳ್ಳಿ. ಒಂದೇ ಬಟ್ಟೆ, ಮೂರು ದಾರ, ಸ್ಟಿಚ್‌ಗಳ ನಾಲ್ಕು ಅಂತರ. ಪ್ರತಿಯೊಂದರಲ್ಲೂ ಹತ್ತು ಸ್ಯಾಂಪಲ್ ಹೊಲಿದು ಟೆನ್ಸೈಲ್ ಯಂತ್ರದಲ್ಲಿ ಎಳೆಯಿರಿ. ಸರಾಸರಿಯೊಂದೇ ಸಾಲದು, ಹತ್ತರಲ್ಲಿ ಎಷ್ಟು ಏರುಪೇರು ಎಂದೂ ಬರೆಯಿರಿ. ಹರಿಯಲೇಬೇಕಾದ ಹೊಲಿಗೆಗೆ ಆ ಏರುಪೇರೇ ಮುಖ್ಯ. ಹರಿದ ತುಂಡುಗಳನ್ನು ಎಸೆಯಬೇಡಿ. ಫೈಲಿನಲ್ಲಿ ಅಂಟಿಸಿ, ದಾರ ತುಂಡಾಯಿತೋ, ಬಟ್ಟೆ ಹರಿಯಿತೋ, ಎಳೆಗಳು ಜಾರಿದವೋ ಎಂದು ಪಕ್ಕದಲ್ಲಿ ಬರೆದು ಸಂದರ್ಶನಕ್ಕೆ ತನ್ನಿ. ಮೇಜಿನ ಆಚೆ ನಾನು ಕೂತಿದ್ದರೆ ಮೊದಲು ಕೇಳುವುದು ಅದನ್ನೇ.