ಮನೋವೈದ್ಯರ ಬಳಿಗೆ ಒಯ್ಯಬೇಕಾದ ಒಂದು ಹಾಳೆ

ಮನೆಯಲ್ಲಿ ಒಬ್ಬರ ಮನಸ್ಸು ಕೆಟ್ಟಾಗ ಗಾಳಿ ಸೋಕಿತೆಂದೋ, ಸಾಲದ ಚಿಂತೆಯೆಂದೋ, ತಾಯಿಯ ಕಡೆಯಿಂದ ಬಂದದ್ದೆಂದೋ ಒಂದೇ ಕಾರಣಕ್ಕೆ ಅಂಟಿಕೊಳ್ಳುವುದು ನಮ್ಮ ರೂಢಿ. ಆದರೆ ವಂಶ, ದೇಹ ಮತ್ತು ಬದುಕಿನ ಪೆಟ್ಟುಗಳು ಒಟ್ಟುಗೂಡಿಯೇ ಕಾಯಿಲೆಯನ್ನು ತರುತ್ತವೆ. ವಂಶವಾಹಿಗಳು ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಸಂಶಯ ಕಾಡುವ ತೀವ್ರ ಮನೋರೋಗ) ಇದ್ದರೂ ಇನ್ನೊಬ್ಬರಿಗೆ ಅದು ಬರುವುದು ಅರ್ಧ ಅಥವಾ ಅದಕ್ಕೂ ಕಡಿಮೆ ಜೋಡಿಗಳಲ್ಲಿ.

ಆದುದರಿಂದ ಕಾರಣವನ್ನು ನೀವೇ ತೀರ್ಮಾನಿಸದೆ, ನಡೆದದ್ದನ್ನು ಕ್ರಮವಾಗಿ ಬರೆದುಕೊಳ್ಳಿರಿ. ನಿದ್ದೆ ಎಂದು ಕೆಟ್ಟಿತು, ಸಂಶಯ ಎಂದು ಶುರುವಾಯಿತು, ಅದಕ್ಕೆ ಮೊದಲು ಹೆರಿಗೆ, ಸಾವು, ಬೆಳೆನಷ್ಟ ಏನಾದರೂ ಆಗಿತ್ತೇ ಎಂಬುದು ಅದರಲ್ಲಿರಲಿ. ದಿನಾಂಕ ನೆನಪಿಲ್ಲದಿದ್ದರೆ ಕಾಲುವೆಗೆ ನೀರು ಬಿಡುವ ಮೊದಲೋ ನಂತರವೋ ಎಂದು ಬರೆದರೂ ಸಾಕು. ಥೈರಾಯ್ಡ್, ಮೂರ್ಛೆ, ಕುಡಿತ ಮತ್ತು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಮುಚ್ಚಿಡದೆ ಸೇರಿಸಿರಿ. ಜ್ವರದೊಂದಿಗೆ ದಿಢೀರನೆ ಗೊಂದಲ ಉಂಟಾದರೆ, ಅಥವಾ ಕುಡಿತ ಬಿಟ್ಟ 2–3 ದಿನಗಳಲ್ಲಿ ಕೈ ನಡುಗಿ ಇಲ್ಲದ್ದು ಕಾಣತೊಡಗಿದರೆ ಹಾಳೆಗಾಗಿ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು.

ರಕ್ತಪರೀಕ್ಷೆ ನಾರ್ಮಲ್ ಬಂತೆಂದರೆ ಕಾಯಿಲೆಯೇ ಇಲ್ಲವೆಂದು ಹಲವರು ತಿಳಿಯುತ್ತಾರೆ. ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಥೈರಾಯ್ಡ್ ದೋಷ ಅಥವಾ ಬಿ12 ಕೊರತೆ ಇಂಥದೇ ಲಕ್ಷಣ ತೋರಿಸಬಲ್ಲದಾದ್ದರಿಂದ ಅದು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಪರೀಕ್ಷೆ ಬರೆಯುತ್ತಾರೆ. ಹಾಗೆಯೇ, ಸಾಲದಿಂದ ಬಂದ ಖಿನ್ನತೆಗೆ ಮಾತ್ರೆ ಏಕೆ ಎಂಬ ಪ್ರಶ್ನೆಯೂ ಏಳುತ್ತದೆ. ಮಾತ್ರೆ ಸಾಲ ತೀರಿಸುವುದಿಲ್ಲ, ಆದರೆ ಸಾಲ ಕೊಟ್ಟವನೊಡನೆ ಕುಳಿತು ಮಾತನಾಡುವಷ್ಟು ನಿದ್ದೆ, ಧೈರ್ಯಗಳನ್ನು ಮರಳಿಸಬಲ್ಲದು. ಅದರ ಗುಣ ಕಾಣಲು ಸಾಮಾನ್ಯವಾಗಿ 2–4 ವಾರ ಬೇಕು. ಹುಲಿಗೆಮ್ಮನಿಗೆ ಹರಕೆ ಹೊರುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಮಾತ್ರೆ ಬಿಡಿಸುವ ಹರಕೆಯೊಂದು ಬೇಡ. ಸಾಯುವ ಮಾತು ಬಂದರೆ ಹತ್ತಿಗೆ, ಭತ್ತಕ್ಕೆ ತಂದಿಟ್ಟ ಕ್ರಿಮಿನಾಶಕವನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿ, ಅವರನ್ನು ಒಬ್ಬರೇ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿರಿ.

ದೂರದ ಊರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಊರಿನಲ್ಲಿಯೇ ಚಿಕಿತ್ಸೆ ನೀಡುವ ಪ್ರಯೋಗವನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ದುಡಿಮೆಗಾಗಿ ಬೇರೆ ಊರಿಗೆ ಗುಳೆ ಹೋಗುವವರಿದ್ದರೆ ಹೊರಡುವ ಮುನ್ನವೇ ವೈದ್ಯರಿಗೆ ತಿಳಿಸಿ, ಮರಳುವವರೆಗಿನ ಮಾತ್ರೆಗಳ ಏರ್ಪಾಡು ಕೇಳಿಕೊಂಡು, ಔಷಧಿ ಚೀಟಿಯ ಜೆರಾಕ್ಸ್ ಒಂದನ್ನು ಬಟ್ಟೆಗಂಟಿನಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಡಿರಿ.