ಸಂಡೇ ಸ್ಕೂಲಿನಲ್ಲಿ ಸೃಷ್ಟಿಯ ಪಾಠ ಮಾಡುವುದು ಹೇಗೆ

ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರ ನಡೆಯುವ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಲು ಹೊಸದಾಗಿ ಸೇರಿದವರಿಗೆ ಹೆಚ್ಚಾಗಿ ಮೊದಲು ಸಿಗುವುದು ಸೃಷ್ಟಿಯ ಪಾಠ, ಅಂದರೆ ದೇವರು ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿದ ಕಥೆ. ಗೊತ್ತಿರುವ ಕಥೆಯೇ ಅಲ್ವಾ ಅಂತ ತಯಾರಿ ಇಲ್ಲದೆ ಹೋಗಿಬಿಡುತ್ತೇವೆ. ನಾನೂ ಹಾಗೇ ಹೋಗಿದ್ದೆ. ಬೋರ್ಡಿನ ಮೇಲೆ ಆರು ದಿನ ಬರೆದು ನಾಲ್ಕನೇ ದಿನಕ್ಕೆ ಸೂರ್ಯನ ಚಿತ್ರ ಬಿಡಿಸುತ್ತಿದ್ದೆ. ಮುಂದಿನ ಚಾಪೆಯಲ್ಲಿ ಕೂತಿದ್ದ ಹುಡುಗಿ ಕೈ ಎತ್ತಿದಳು. "ಟೀಚರ್, ಸೂರ್ಯ ಈಗ ಬಂದ ಅಂದ್ರೆ ಮೊದಲ ಮೂರು ದಿನ ಬೆಳಗಾಗಿದ್ದು ಹೇಗೆ?" ಅಂಥದ್ದೆಲ್ಲ ಕೇಳಬಾರದು ಅಂತ ಅವಳನ್ನು ಕೂರಿಸಿಬಿಟ್ಟೆ. ಅದು ನನ್ನ ತಪ್ಪು. ಇದೇ ಪ್ರಶ್ನೆಯನ್ನು 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಒರಿಜನ್ ಕೇಳಿದ್ದ ಅಂತ ಆಮೇಲೆ ಓದಿದೆ. ಅವನು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಆದಿಕಾಲದ ದೊಡ್ಡ ಬೋಧಕರಲ್ಲಿ ಒಬ್ಬ. ಹಾಗಾಗಿ ನಿಮ್ಮ ತರಗತಿಯಲ್ಲಿ ಯಾವ ಮಗುವನ್ನೂ ಸುಮ್ಮನೆ ಕೂರಿಸಬೇಡಿ.

ಮೊದಲ ಕೆಲಸ ಓದುವುದು. ಚಿತ್ರಪುಸ್ತಕ ಪಕ್ಕಕ್ಕಿಡಿ, ಸತ್ಯವೇದವನ್ನೇ (ಬೈಬಲನ್ನೇ) ತೆಗೆಯಿರಿ. ಅದರ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ 2ನೇ ಅಧ್ಯಾಯದ 3ನೇ ವಚನ ಮುಗಿದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಅಧ್ಯಾಯದ ನಂಬರುಗಳನ್ನು ಹಾಕಿದ್ದು 13ನೇ ಶತಮಾನದಲ್ಲಿ, ಮೂಲದಲ್ಲಿ ಅವು ಇರಲಿಲ್ಲ. ಏಳು ದಿನಗಳ ವಿವರ ನಿಜವಾಗಿ ಮುಗಿಯುವುದು ಈ ಗೆರೆಯ ಹತ್ತಿರ. ಅಲ್ಲಿಂದಾಚೆ ಶುರುವಾಗುವುದು ಇನ್ನೊಂದು ವಿವರ, ಅದರ ಧಾಟಿಯೇ ಬೇರೆ. ಮೊದಲನೆಯದರಲ್ಲಿ ಪ್ರಾಣಿಗಳಾದ ಮೇಲೆ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ ಬರುತ್ತಾರೆ. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ, ಪ್ರಾಣಿಗಳು, ಕೊನೆಗೆ ಹೆಣ್ಣು. ನಾವು ಎರಡನ್ನೂ ಕಲಸಿ ಒಂದೇ ಕಥೆ ಮಾಡಿ ಹೇಳುವುದರಿಂದ ಮಕ್ಕಳಿಗೆ ಗೊಂದಲ ಜಾಸ್ತಿಯಾಗುತ್ತದೆ. ಎರಡು ಭಾನುವಾರ ತೆಗೆದುಕೊಳ್ಳಿ, ಒಂದೊಂದಕ್ಕೆ ಒಂದೊಂದು.

ಮೊದಲ ಭಾನುವಾರ ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ. ಎಡಕ್ಕೆ 1, 2, 3. ಬಲಕ್ಕೆ 4, 5, 6. ಏನನ್ನು ಎಲ್ಲಿ ಬರೆಯಬೇಕು ಅಂತ ಮಕ್ಕಳೇ ಓದಿ ಹೇಳಲಿ. ಮೊದಲ ದಿನ ಬೆಳಕು, ಅದರ ಎದುರಿಗೆ ನಾಲ್ಕನೇ ದಿನ ಸೂರ್ಯ, ಚಂದ್ರ, ನಕ್ಷತ್ರ. ಎರಡನೇ ದಿನ ಆಕಾಶ ಮತ್ತು ನೀರು, ಎದುರಿಗೆ ಐದನೇ ದಿನ ಹಕ್ಕಿ ಮತ್ತು ಮೀನು. ಮೂರನೇ ದಿನ ಒಣನೆಲ ಮತ್ತು ಗಿಡಮರ, ಎದುರಿಗೆ ಆರನೇ ದಿನ ಪ್ರಾಣಿಗಳು ಮತ್ತು ಮನುಷ್ಯ. ಎಡಗಡೆ ಮನೆ ಕಟ್ಟಿದ್ದು, ಬಲಗಡೆ ಒಕ್ಕಲು ಬಂದದ್ದು. ಮೊದಲ ಅಧ್ಯಾಯದ ಎರಡನೇ ವಚನದಲ್ಲಿ ಭೂಮಿಗೆ ಕ್ರಮವಿರಲಿಲ್ಲ, ಅದು ಬರಿದಾಗಿತ್ತು ಅಂತ ಇದೆಯಲ್ಲ, ಮೊದಲ ಮೂರು ದಿನ ಆ ಕ್ರಮ ತರುವುದಕ್ಕೆ, ಮುಂದಿನ ಮೂರು ದಿನ ಆ ಬರಿದನ್ನು ತುಂಬುವುದಕ್ಕೆ. ಬೋರ್ಡಿನ ಮೇಲೆ ಇದು ಮೂಡಿದಾಗ ಮಕ್ಕಳ ಮುಖ ನೋಡಬೇಕು.

ನಂತರ "ಒಳ್ಳೆಯದು" ಅನ್ನುವ ಮಾತು ಎಷ್ಟು ಸಲ ಬರುತ್ತದೆ ಅಂತ ಎಣಿಸಲು ಹೇಳಿ. ಏಳು ಸಲ. ಕೊನೆಯದು "ಬಹಳ ಒಳ್ಳೆಯದು". ಆದರೆ ಎರಡನೇ ದಿನಕ್ಕೆ ಆ ಮಾತೇ ಇಲ್ಲ, ಮೂರನೇ ದಿನಕ್ಕೆ ಎರಡು ಸಲ ಇದೆ! ನೀರಿನ ಕೆಲಸ ಎರಡನೇ ದಿನ ಅರ್ಧಕ್ಕೆ ನಿಂತಿತ್ತು, ಮೂರನೇ ದಿನ ಮುಗಿಯಿತು, ಅದಕ್ಕೇ ಹೀಗೆ ಅಂತ ಯೆಹೂದಿ ಗುರುಗಳು ಹೇಳುತ್ತಾರೆ. ಇದನ್ನು ಮೊದಲೇ ಹೇಳಿಬಿಡಬೇಡಿ, ಮಕ್ಕಳೇ ಹುಡುಕಲಿ. ಏಳನೇ ದಿನಕ್ಕೆ ಸಾಯಂಕಾಲ, ಪ್ರಾತಃಕಾಲ ಅನ್ನುವ ಸಾಲು ಇಲ್ಲದ್ದನ್ನೂ ಯಾರಾದರೂ ಕಂಡುಹಿಡಿಯುತ್ತಾರೆ.

ಸೂರ್ಯನ ಪ್ರಶ್ನೆ ಬಂದೇ ಬರುತ್ತದೆ. ಆಗ ನಾಲ್ಕನೇ ದಿನದ ವಚನಗಳನ್ನು ನಿಧಾನವಾಗಿ ಓದಿಸಿ. ಅಲ್ಲಿ ಸೂರ್ಯ, ಚಂದ್ರ ಅನ್ನುವ ಹೆಸರೇ ಇಲ್ಲ. ದೊಡ್ಡ ಬೆಳಕು, ಚಿಕ್ಕ ಬೆಳಕು ಅಂತ ಮಾತ್ರ ಇದೆ. ಇಸ್ರಾಯೇಲರ ಸುತ್ತಮುತ್ತ, ಬಾಬೆಲಿನಲ್ಲಿ (ಬ್ಯಾಬಿಲೋನ್), ಐಗುಪ್ತದಲ್ಲಿ (ಈಜಿಪ್ಟ್) ಅವುಗಳನ್ನು ಪೂಜಿಸುತ್ತಿದ್ದರು. ಅವೂ ದೇವರ ಕೈಕೆಲಸ, ದೀಪಗಳು ಅಷ್ಟೇ ಅಂತ ಈ ವಚನ ಹೇಳುತ್ತಿದೆ. ಬೆಳಕು ಸೂರ್ಯನಿಗಿಂತ ಮುಂಚೆ ಬಂದದ್ದೂ ಅದಕ್ಕೇ ಹೊಂದುತ್ತದೆ: ಬೆಳಕು ಕೊಡುವವನು ದೇವರು.

ದೊಡ್ಡ ಮಕ್ಕಳು ಆರು ದಿನ ಅಂದರೆ 24 ಗಂಟೆಯ ದಿನವಾ ಅಂತ ಕೇಳುತ್ತಾರೆ. ಶಾಲೆಯಲ್ಲಿ ವಿಕಾಸವಾದ ಓದಿ ಬಂದಿರುತ್ತಾರೆ. ಇಲ್ಲಿ ದಯವಿಟ್ಟು ಹೆದರಬೇಡಿ. ಕ್ರೈಸ್ತರಲ್ಲೇ ಇದಕ್ಕೆ ಒಂದೇ ಉತ್ತರವಿಲ್ಲ. ಅಕ್ಷರಶಃ ಆರು ದಿನ ಅಂತ ನಂಬುವ ಸಭೆಗಳಿವೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಸತ್ಯವೇದದ ವಂಶಾವಳಿಗಳನ್ನು ಲೆಕ್ಕ ಹಾಕಿ ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಅಂದರು. ಆದರೆ ಅವರಿಗಿಂತ ಸಾವಿರ ವರ್ಷಕ್ಕೂ ಹಿಂದೆ, ಡಾರ್ವಿನ್ನನ ಹೆಸರೇ ಇಲ್ಲದ ಕಾಲದಲ್ಲಿ, ಆದಿಕಾಲದ ಸಭೆಯ ಇನ್ನೊಬ್ಬ ದೊಡ್ಡ ಬೋಧಕ ಸಂತ ಅಗಸ್ಟಿನ್ ಇವು ನಮ್ಮ ದಿನಗಳಂಥ ದಿನಗಳಲ್ಲ, ದೇವರು ಎಲ್ಲವನ್ನೂ ಒಮ್ಮೆಗೇ ಉಂಟುಮಾಡಿದರು ಅಂತ ಬರೆದಿದ್ದರು. ವಿಜ್ಞಾನ ಓದಿದರೆ ನಂಬಿಕೆ ಬಿಡಬೇಕು ಅಂತೇನೂ ಇಲ್ಲ: ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಕೊಟ್ಟ ಜಾರ್ಜ್ ಲೆಮೈತ್ರ್ ಬೆಲ್ಜಿಯಮ್ಮಿನ ಕ್ಯಾಥೊಲಿಕ್ ಪಾದ್ರಿ. ನಿಮ್ಮ ಸಭೆ ಏನು ಬೋಧಿಸುತ್ತದೋ ಅದನ್ನು ಹೇಳಿ, ಬೇರೆ ರೀತಿ ನಂಬುವ ವಿಶ್ವಾಸಿಗಳೂ ಇದ್ದಾರೆ ಅಂತ ಪ್ರಾಮಾಣಿಕವಾಗಿ ಸೇರಿಸಿ. ಎಲ್ಲ ಸಭೆಗಳೂ ಒಪ್ಪುವ ಮಾತು ಕ್ರೈಸ್ತರು ತಮ್ಮ ನಂಬಿಕೆಯನ್ನು ಹೇಳಿಕೊಳ್ಳುವ ವಿಶ್ವಾಸಪ್ರಮಾಣದ ಮೊದಲ ಸಾಲಿನಲ್ಲೇ ಇದೆ: ಭೂಪರಲೋಕಗಳನ್ನು ಉಂಟುಮಾಡಿದವನು ತಂದೆಯಾದ ದೇವರು.

ಎರಡನೇ ಭಾನುವಾರ ಒಂದು ಮುದ್ದೆ ಜೇಡಿಮಣ್ಣು ತೆಗೆದುಕೊಂಡು ಹೋಗಿ. ಪ್ರತಿ ಮಗುವಿಗೂ ಸ್ವಲ್ಪ ಕೊಟ್ಟು ಗೊಂಬೆ ಮಾಡಿಸಿ. ಉಗುರಿನೊಳಗೆ ಮಣ್ಣು ಸೇರಲಿ, ಫ್ರಾಕಿಗೆ ಅಂಟಿದರೂ ಅಂಟಲಿ. ಹೀಬ್ರೂ ಭಾಷೆಯಲ್ಲಿ ನೆಲಕ್ಕೆ ಅದಾಮಾ ಅನ್ನುತ್ತಾರೆ, ಅದರಿಂದ ಮಾಡಿದವನು ಆದಾಮ, ಅಂದರೆ ಮಣ್ಣಿನವನು. ಆಮೇಲೆ ಎಲ್ಲರೂ ತಮ್ಮ ಅಂಗೈ ಮೇಲೆ ಮೆಲ್ಲಗೆ ಊದಿಕೊಳ್ಳಲಿ. ಇಂಥ ಉಸಿರನ್ನು ದೇವರು ಆದಾಮನ ಮೂಗಿನಲ್ಲಿ ಊದಿದರು ಅಂತ ಆಗ ಹೇಳಿ. ಕುಂಬಾರನಿಗೆ ಮಡಕೆ ಮಾಡಲು ಮಣ್ಣು ಬೇಕು. ದೇವರಿಗೆ ಆ ಮಣ್ಣೂ ಮೊದಲೇ ಇರಬೇಕಾಗಿರಲಿಲ್ಲ, ಅದನ್ನು ಉಂಟುಮಾಡಿದವರೂ ಅವರೇ ಅನ್ನುವುದು ಕ್ರೈಸ್ತ ನಂಬಿಕೆ.

ಮೊದಲ ಅಧ್ಯಾಯದ 27ನೇ ವಚನವನ್ನು ಇಲ್ಲಿ ಮತ್ತೆ ಓದಿ. ಆ ಕಾಲದಲ್ಲಿ ದೇವರ ಸ್ವರೂಪ ಅಂತ ರಾಜನನ್ನು ಹೊಗಳುತ್ತಿದ್ದರು. ಇಲ್ಲಿ ಗಂಡು, ಹೆಣ್ಣು, ಎಲ್ಲರೂ ದೇವರ ಸ್ವರೂಪ. ಮೈಬಣ್ಣಕ್ಕೋ ಅಪ್ಪನ ಕೆಲಸಕ್ಕೋ ಹೀಯಾಳಿಸಿಕೊಂಡು ಬಂದ ಮಗು ನಿಮ್ಮ ಚಾಪೆಯ ಮೇಲೂ ಕೂತಿರಬಹುದು. ಅದಕ್ಕೆ ಕೇಳಿಸುವ ಹಾಗೆ ಈ ವಚನ ಓದಿ.

ಮೊದಲ ಹೆಣ್ಣು ಹವ್ವಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅವಳನ್ನು "ಸಹಾಯಕಿ" ಅಂದದ್ದನ್ನು ಮನೆಗೆಲಸದವಳು ಅನ್ನುವ ಹಾಗೆ ಹೇಳುವುದನ್ನು ನಾನು ಬಹಳ ಕೇಳಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ. ಅಲ್ಲಿರುವ ಏಜೆರ್ ಅನ್ನುವ ಹೀಬ್ರೂ ಪದವನ್ನೇ ಸತ್ಯವೇದದ 121ನೇ ಕೀರ್ತನೆ ದೇವರ ಸಹಾಯಕ್ಕೂ ಬಳಸುತ್ತದೆ. ಪಕ್ಕೆಲುಬು ಅಂತ ನಾವು ಓದುವ ಪದಕ್ಕೆ ಪಕ್ಕ, ಮಗ್ಗುಲು ಅನ್ನುವ ಅರ್ಥವೂ ಇದೆ.

ಸಮಯ ಉಳಿದರೆ 2ನೇ ಅಧ್ಯಾಯದ 15ನೇ ವಚನ ಓದಿ. ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ. ಉಳಿದ ಜೇಡಿಮಣ್ಣನ್ನು ಚರ್ಚಿನ ಹೂಕುಂಡಕ್ಕೆ ಹಾಕಿಸಿ, ಮಕ್ಕಳೇ ನೀರು ಹಾಕಲಿ. ಹವ್ವಳನ್ನು ಹಣ್ಣು ತಿನ್ನುವಂತೆ ಮಾಡಿದ ಸರ್ಪದ ಕಥೆಯನ್ನು ಇದೇ ದಿನ ತುರುಕಬೇಡಿ. 3ನೇ ಅಧ್ಯಾಯಕ್ಕೆ ಇನ್ನೊಂದು ಭಾನುವಾರ ಬೇಕು. ಅಲ್ಲಿ ಹಣ್ಣು ಅಂತ ಮಾತ್ರ ಇದೆ, ಸೇಬು ಅಂತ ಇಲ್ಲ, ಚಿತ್ರ ಬಿಡಿಸುವ ಮುಂಚೆ ನೋಡಿಕೊಳ್ಳಿ.