ಸೂಜಿ ಇಳಿದಾಗ ಸಿಕ್ಕಿದ ರೋಗ

"ಇದು ಅಂಬಾಸಿಡರ್ ಕಾಲದ ಸಾಮಾನು ಮಾರಾಯ, ಸ್ಕ್ಯಾನರ್ ಇರುವಾಗ ಇದ್ಯಾಕೆ?" ಎಂಜಿನ್ ಗಾಳಿ ಎಳೆಯುವ ಬಲವನ್ನು ಸೂಜಿಯಲ್ಲಿ ತೋರಿಸುವ ನನ್ನ ವ್ಯಾಕ್ಯೂಮ್ ಗೇಜ್ ನೋಡಿ ಕುಂಬಳೆಯ ಮೆಕ್ಯಾನಿಕ್ ಮಿತ್ರ ಹೇಳಿದ ಮಾತಿದು. ಈಗ ಅವನೇ ತಿಂಗಳಿಗೆ ಒಂದೆರಡು ಗಾಡಿ ನನ್ನ ಬದಿಯಡ್ಕದ ಗ್ಯಾರೇಜಿಗೆ ಕಳಿಸುತ್ತಾನೆ.

ಶುರುವಾದದ್ದು ಪೆರ್ಲದ ಅಡಿಕೆ ಕೃಷಿಕರೊಬ್ಬರ ಪೆಟ್ರೋಲ್ ಕಾರಿನಿಂದ. ಸ್ಟಾರ್ಟಿಂಗ್ ಸರಿ, ಐಡ್ಲಿಂಗ್ ಸರಿ. ಚಡವು ಬಂದರೆ ಮೂರನೇ ಗೇರಿನಲ್ಲಿ ಎಳೆಯುವುದೇ ಇಲ್ಲ. ಬೇರೆ ಕಡೆ ಫ್ಯುಯೆಲ್ ಪಂಪ್ ಬದಲಾಯಿಸಿ ಆಗಿತ್ತು. ನಾನು ಪ್ಲಗ್ ಹಾಕಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಥ್ರಾಟಲ್ ಬಾಡಿ ತೊಳೆದೆ. ಅವರಿಗೆ ಒಟ್ಟು 9 ಸಾವಿರದ ಹತ್ತಿರ ಖರ್ಚು, ನನ್ನ ಕೈಯಿಂದ ಎರಡೂವರೆ ಸಾವಿರ. ಸ್ಕ್ಯಾನರಿನಲ್ಲಿ ದೋಷ ತೋರಿಸುವ ಒಂದು ಕೋಡೂ ಇಲ್ಲ. "ಇನ್ನು ಮಾರಿಬಿಡುವುದೇ ಅಲ್ವಾ ಮಾರಾಯ್ರೇ?" ಎಂದು ಅವರು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಂಗಳೂರಿನಿಂದ ಗೇಜ್ ತಂದೆ, ಸಾವಿರ ರೂಪಾಯಿಯ ಒಳಗೆ. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿಗೆ ಕೊಟ್ಟೆ. ಐಡ್ಲಿಂಗಿನಲ್ಲಿ 18 ಇಂಚು (ಪಾದರಸದ ಅಳತೆ), ಸೂಜಿ ಅಲ್ಲಾಡಲಿಲ್ಲ. 2,500 ಆರ್‌ಪಿಎಂನಲ್ಲಿ ಹಿಡಿದೆ. ಮೇಲೆ ಹೋದ ಸೂಜಿ ನಿಧಾನಕ್ಕೆ ಇಳಿಯಿತು. 20, 17, 14. ಎಂಜಿನ್ನಿಗೆ ಉಸಿರು ಬಿಡಲು ಆಗುತ್ತಿಲ್ಲ! ತಣಿದ ಮೇಲೆ, ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೊದಲಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ತೂತು ತೆರೆದಿಟ್ಟೇ ಅದೇ ಚಡವಿಗೆ ಹೋದೆ. ಸದ್ದು ಊರಿಗೆಲ್ಲ ಕೇಳಿತು. ಗಾಡಿ ಮಾತ್ರ ಮೂರನೇ ಗೇರಿನಲ್ಲೇ ಹತ್ತಿತು. ಕ್ಯಾಟಲಿಟಿಕ್ ಕನ್ವರ್ಟರ್ ಕಳಚಿ ನೋಡಿದರೆ ಒಳಗಿನ ಜೇನುಗೂಡು ಕರಗಿ ಮುದ್ದೆಯಾಗಿತ್ತು.

ಆದರೆ ನಾನು ಅಲ್ಲಿಗೇ ನಿಲ್ಲಿಸಿದ್ದು ದೊಡ್ಡ ತಪ್ಪು. ಸುಮಾರು 14 ಸಾವಿರದ ಹೊಸ ಕನ್ವರ್ಟರ್ ಹಾಕಿ ಗಾಡಿ ಕೊಟ್ಟೆ. ನಾಲ್ಕು ತಿಂಗಳಲ್ಲಿ ಮತ್ತೆ ಅದೇ ಕಥೆ. ಕನ್ವರ್ಟರ್ ಸುಮ್ನೆ ಕರಗುವುದಿಲ್ಲ, ಅದನ್ನು ಕರಗಿಸುವುದು ಬೇರೆ ಏನೋ ಇರುತ್ತದೆ. ಇಲ್ಲಿ ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಚೆನ್ನಾಗಿ ಬಿಸಿಯಾದ ಮೇಲೆ ಆಗಾಗ ಮಿಸ್ ಹೊಡೆಯುತ್ತಿತ್ತು. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲೇ ಉರಿಯುತ್ತಿತ್ತು. ಕಾಯಿಲಿಗೆ 1,800 ರೂಪಾಯಿ. ಎರಡನೇ ಕನ್ವರ್ಟರಿನ ಅರ್ಧ ದುಡ್ಡು ನಾನೇ ಹಾಕಿದೆ. ಅದಾಗಿ ಎರಡು ಮಳೆಗಾಲ ಕಳೆಯಿತು, ಆ ಕಾರು ಇವತ್ತಿಗೂ ಓಡುತ್ತಿದೆ.

ಸೂಜಿ ಇಳಿದರೂ ಬ್ಯಾಕ್ ಪ್ರೆಷರ್, ಅಂದರೆ ಹೊಗೆ ಹೊರಹೋಗಲಾಗದೆ ಹಿಂದಕ್ಕೆ ಒತ್ತುವ ಒತ್ತಡ, ನೋಡದೆ ಈಗ ನಾನು ಸಾಮಾನು ತರಿಸುವುದಿಲ್ಲ. ಮೊದಲು ಅಡಿಕೆಗೆ ಬೋರ್ಡೋ ಮದ್ದು ಬಿಡುವ ಪಂಪಿನ ಗೇಜನ್ನೇ ಸೆನ್ಸರಿನ ತೂತಿಗೆ ಕೊಟ್ಟು ನೋಡಿದ್ದೆ. ಸೂಜಿ ಮಿಸುಕಲಿಲ್ಲ. ಅಷ್ಟು ದೊಡ್ಡ ಅಳತೆಯಲ್ಲಿ 3 ಪಿಎಸ್‌ಐ ಎಲ್ಲಿ ಕಾಣಬೇಕು? 15 ಪಿಎಸ್‌ಐ ಗೇಜ್ ತಂದೆ. 2,500ರಲ್ಲಿ 3 ದಾಟಿದರೆ ದಾರಿ ಕಟ್ಟಿದೆ ಎಂದೇ ಲೆಕ್ಕ.

ಐಡ್ಲಿಂಗಿನಲ್ಲೇ ಸೂಜಿ ಕೆಳಗೆ ನಿಂತರೆ ಗಾಳಿ ಲೀಕ್ ಹುಡುಕುತ್ತೇನೆ. ಪೈಪಿನೊಳಗೆ ಹೊಗೆ ಬಿಟ್ಟರೆ ಲೀಕ್ ಇರುವಲ್ಲಿ ಹೊರಗೆ ಕಾಣುತ್ತದೆ. ಅದಕ್ಕೆ ಪೇಂಟ್ ಡಬ್ಬದಲ್ಲಿ ತೆಂಗಿನ ಸಿಪ್ಪೆಯ ಹೊಗೆ ಹಾಕಿ ನೋಡಿದೆ. ಪೈಪಿನೊಳಗೆ ಡಾಂಬರಿನಂಥ ಅಂಟು ಕಟ್ಟಿತು, ತೊಳೆಯಲು ಅರ್ಧ ದಿನ ಬೇಕಾಯಿತು. ಆಮೇಲೆ ಕೆಂಪಗೆ ಕಾಯುವ ಡೀಸೆಲ್ ಗಾಡಿಯ ಗ್ಲೋ ಪ್ಲಗ್ ಡಬ್ಬದಲ್ಲಿ ಕೂರಿಸಿ ಬೇಬಿ ಆಯಿಲ್ ಹಾಕಿದೆ. ಒಳ್ಳೆಯ ಬಿಳಿ ಹೊಗೆ. ಖರ್ಚು 600ರ ಆಸುಪಾಸು. ಗಾಳಿ ಜಾಸ್ತಿ ಬಿಡಬೇಡಿ, ಸೀಲು ಹಾರುತ್ತದೆ.

ಗೇಜಿನ ಟ್ಯೂಬಿನಲ್ಲಿ ನಾನೊಂದು ಸಣ್ಣ ಸಾಮಾನು ಸೇರಿಸಿದ್ದೇನೆ. ಅದರಿಂದ ಸೂಜಿಯಲ್ಲಿ ವಾಲ್ವಿನ ನಡುಕ ಯಾವುದು, ಮಿಸ್ಸಿಂಗಿನ ನಡುಕ ಯಾವುದು ಎಂದು ಬೇರೆ ಬೇರೆ ಕಾಣುತ್ತದೆ. ಅದೇನೆಂದು ಕುಂಬಳೆಯವನಿಗೂ ಇನ್ನೂ ಹೇಳಿಲ್ಲ.